ಗೇರುಗಿಡದ ಗ್ವಾಡಿ

ಮುಂಜಾನಿ ಐದಕ್ಕ ಕಳಂಗೂಟದ ದಂಡಿಗೆ
ನಾವು ಹನ್ನೊಂದು ಮಂದಿ ಇಳೀತೀವಿ,
ಕೈಯಾಗ ಕಬ್ಬಿಣದ ಹಲ್ಲಿನ ಕೋಲು, ಬೆನ್ನಿಗೆ ಗೋಣಿಚೀಲ.
ರಾತ್ರಿ ಕುಡದವರು ಹೋಗಿರ್ತಾರ,
ಕುಡದದ್ದು ಹೋಗಿರಂಗಿಲ್ಲ.

ಸಮುದ್ರ ಯಾರದೂ ಇಟಗೊಳ್ಳಂಗಿಲ್ಲ.
ಚಪ್ಪಲಿ ಕೊಟ್ರ ಚಪ್ಪಲಿ,
ಗಣಪ್ಪನ ಕೈ ಕೊಟ್ರ ಗಣಪ್ಪನ ಕೈ,
ಯಾವದೋ ಕೂಸಿನ ಡೈಪರು, ಉಬ್ಬಿ ಕುಂಬಳಕಾಯಿ ಆಗಿದ್ದು,
ಎಲ್ಲಾ ತಂದು ಸಾಲಾಗಿ ಇಟ್ಟು
ಸಾಲ ತೀರಿಸಿದವರಂಗ ಹಿಂದ ಸರೀತೈತಿ.

ಆ ಬಾಯಿ ಮೂರು ದಿನ ನಮ್ಮ ಹಿಂದ ಬಂದ್ಲು.
ಮಾರ್ಗಿಟ್ ಅಂತ ಹೆಸರು, ನಾವು ಮಾರಗವ್ವ ಮಾಡಿದ್ವಿ.
ಫಕೀರವ್ವ ಅನ್ನಾಕ ಬರದ ನನಗ ಫಕೀರಾ ಅಂದ್ಲು.
ಮೂಗಿಗೆ ಹೂವಿನ ರುಮಾಲು,
ಪುಸ್ತಕದಾಗ ಬಾಟ್ಲಿಗೊಂದು ಗೆರಿ, ಚೀಲಕ್ಕೊಂದು ಗೆರಿ,
ನಾಕು ಆದ ಮ್ಯಾಲ ಒಂದು ಅಡ್ಡಗೆರಿ.
ಹಾಲಿನ ಲೆಕ್ಕ ನಮ್ಮವ್ವ ಗ್ವಾಡಿ ಮ್ಯಾಲ
ಸುಣ್ಣದಾಗ ಹಿಂಗ ಬರೀತಿದ್ಲು.

ಹಿಂದಿ ನನಗ ಅರ್ಧ, ಆಕಿಗೆ ಕಾಲು.
ಆ ಮುಕ್ಕಾಲಿನಾಗ ಮಾತಾಡಿದ್ವಿ.
"ಎಷ್ಟು ಚಂದ ದೇಶ, ಆದ್ರ..." ಅಂದ್ಲು.
ಮುಂದಿನದು ರುಮಾಲಿನೊಳಗ ಉಳೀತು.

ನಾಕನೇ ದಿನ ಕೇಳಿದ್ಲು: ಇದೆಲ್ಲಾ ಎಲ್ಲಿಗೆ ಹೋಗ್ತೈತಿ?
ನಾ ಅಂದೆ: ನಮ್ಮನಿಗೆ.
ಚ್ಯಾಷ್ಟಿ ಅನಕೊಂಡ್ಲು.

ಟೆಂಪೋದಾಗ ಕೂಡಿಸಿಕೊಂಡು ಹೋದೆ, ಗುಡ್ಡದ ಹಿಂದಕ್ಕ.
ತಗಡಿನ ಇಪ್ಪತ್ತು ಮನಿ, ಬಾಟ್ಲಿ ಬ್ಯಾರೆ ಮಾಡೋ ಅಂಗಳ,
ಇಂಡಿಯವರು, ಕುಷ್ಟಗಿಯವರು, ಮುದ್ದೇಬಿಹಾಳದವರು,
ಹಂದಿ ನಾಕು. ಅವು ಮಾತ್ರ ಗೋವಾದವು.

ಚಾ ಕೊಟ್ಟೆ. ಕುಡದ್ಲು.
ಪಾಪ, ಮರ್ಯಾದಿಗೆ ಎರಡನೇದೂ ಕುಡದ್ಲು.
ಸ್ವಲ್ಪ ಹೊತ್ತಿಗೆ ಕಾಲು ಹೆಣಕೊಂಡು ಕುಂತ್ಲು.
"ಕಿಧರ್?" ಅಂದ್ಲು.

ಏನ ಹೇಳ್ಲಿ.
ಹನ್ನೆರಡು ವರ್ಷದಿಂದ ನಾನೂ ಇದನ್ನ ಕೇಳಾಕ ಹತ್ತೀನಿ.
ಪಂಚಾಯ್ತಿಯಾಂವ ಜಾಗದ ಮಾಲಕನ್ನ ಕೇಳು ಅಂತಾನ,
ಮಾಲಕ ಪಂಚಾಯ್ತಿನ ಕೇಳು ಅಂತಾನ,
ಹೊಟ್ಟಿ ಯಾರನ್ನೂ ಕೇಳಂಗಿಲ್ಲ.
ಬೆಳಕು ಹರಿಯೂದ್ರಾಗ ಹೋಗಬೇಕು,
ಇಲ್ಲಾಂದ್ರ ಹೊತ್ತು ಮುಳುಗಿಂದ.
ನಡಕಿನ ಹಗಲು ನಮ್ಮದಲ್ಲ.

ಈಗ ಹಗಲು ಹನ್ನೊಂದು.

ತಂಬಿಗಿ ತುಂಬಿದೆ.
ಟ್ರಂಕಿನ್ಯಾಗಿಂದ ಇಳಕಲ್ಲ ಸೀರಿ ತಗದೆ,
ತಂಗಿ ಲಗ್ನದಾಗ ಒಮ್ಮೆ ಉಟ್ಟದ್ದು.
ಒಂದು ತುದಿ ಗೇರುಗಿಡಕ್ಕ,
ಇನ್ನೊಂದು ನನ್ನ ಹಲ್ಲಾಗ,
ಹುಡುಗರಿಗೆ ಕಲ್ಲು ಬೀಸಾಕ ಕೈ ಬೇಕಲ್ಲ.
ಬೆನ್ನು ತಿರಿವಿ ನಿಂತೆ.

ಹಂದಿಗೆ ಯಾವ ದೇಶ ಆದ್ರೇನು, ಗುರ್ ಅಂತ ಬಂತು.
ಆಕಿ ಚಿಟ್ಟನ ಚೀರಿದ್ಲು,
ಆಮ್ಯಾಲ ನಗಾಕ ಹತ್ತಿದ್ಲು, ನಿಲ್ಲವಲ್ಲಳು,
ಆಮ್ಯಾಲಿಂದು ನಗಿಯೋ ಏನೋ, ನಾ ತಿರುಗಿ ನೋಡಲಿಲ್ಲ.
ಕುಕ್ಕರಗಾಲಿಲೆ ಕುಂತು ರೂಢಿ ಇಲ್ಲ,
ಮೊಳಕಾಲು ಚಟ್ ಅಂದದ್ದು ನನಗ ಕೇಳಿಸ್ತು.
ಸೀರಿ ಬದಿಲಿಂದ ಒಂದು ಕೈ ಬಂತು,
ನನ್ನ ಕೈ ಹಿಡೀತು.
ಹೆರಿಗ್ಯಾಗ ಹಿಡೀತಾರ ಅಷ್ಟು ಬಿಗಿ.

ತೊಳಕೊಂಡು ಬಂದು ಪುಸ್ತಕ ತಗದ್ಲು.
ಪೆನ್ಸಿಲ್ ಹಿಡಕೊಂಡು ಕುಂತ್ಲು, ಕುಂತೇ ಇದ್ಲು.
ಒಂದು ಗೆರಿ ಎಳದ್ಲು. ಯಾವದರ ಲೆಕ್ಕದಾಗೋ ಕಾಣಲಿಲ್ಲ.
ರುಮಾಲು ಮರತು ಹೋದ್ಲು.
ಮಗಳು ಅದನ್ನ ಗೊಂಬಿಗೆ ಉಡಿಸ್ಯಾಳ.

ತನ್ನೂರಾಗ ಆಕಿನ್ನ ಕೇಳ್ತಾರ: ಹೆಂಗಿತ್ತು ಆ ದೇಶ?
ಓದಿ ಹೇಳ್ತಾಳೇನೋ, ಬಾಟ್ಲಿ ಇಷ್ಟು, ಚಪ್ಪಲಿ ಇಷ್ಟು.
ಖರೇನ ಐತಿ. ನಾನ ಎಣಿಸಿ ಕೊಟ್ಟದ್ದು.

ನನ್ನನ್ನ ಯಾರು ಕೇಳ್ತಾರ.
ಕೇಳಿದ್ರ ಹೇಳತಿದ್ದೆ,
ಆ ದೇಶದ ಮೊಳಕಾಲು ಭಾಳ ಬಿರಸವ್ವಾ ಅಂತ.

ಸೀರಿ ಎರಡು ಸಲ ಒಗದೆ.
ತುದಿಗೆ ನನ್ನ ಹಲ್ಲಿನ ಗುರ್ತು
ಇನ್ನೂ ಹೋಗವಲ್ದು.