ರೋಲಾದ ಟೈಪಿಂಗ್ ಅಂಗಡಿಯಲ್ಲಿ ಒಂದು ಶಬ್ದ

ಪುಟಕ್ಕೆ ಮೂವತ್ತು ದಿರ್ಹಮ್. ಮೊಹರಿಗೆ ಬೇರೆ.
ಶಾರ್ಜಾದ ರೋಲಾ ಚೌಕದ ಹಿಂದೆ, ಜ್ಯೂಸಿನಂಗಡಿಗೂ
ಊರಿಗೆ ಹಣ ಕಳಿಸುವವರ ಸಾಲಿಗೂ ನಡುವೆ
ಎರಡು ಕುರ್ಚಿ ಹಿಡಿಸುವಷ್ಟು ಜಾಗ ನನ್ನದು.
ದೇರಳಕಟ್ಟೆಯ ದರ್ಸಿನಲ್ಲಿ ಬೆತ್ತದ ಏಟಿಗೆ ಕಲಿತ ಅರಬಿ
ಇಪ್ಪತ್ತೆರಡು ವರ್ಷದಿಂದ ಅನ್ನ ಹಾಕುತ್ತಿದೆ:
ವೀಸಾ, ಬಾಡಿಗೆ ಕರಾರು, ಸತ್ತವರ ಸಾಮಾನಿನ ಪಟ್ಟಿ.

ಬುಧವಾರ ಬಂದವರು ಸುಗಂಧಿ, ಕೋಟೇಶ್ವರದ ಕಡೆಯವರು.
ಜೊತೆಗೆ ಆರು ವರ್ಷದ ಹುಡುಗ,
ಅವನ ಒಂದು ಚಪ್ಪಲಿಯ ಬಾರು ಕಿತ್ತಿತ್ತು.
"ವಕೀಲರು ಇಂಗ್ಲಿಷಿನಲ್ಲಿ ಹೇಳಿದ್ರು. ತಲೆ ಆಡಿಸಿದೆ.
ನಂಗೆ ಕನ್ನಡದಲ್ಲಿ ಬೇಕು ಭಾಯಿ.
ಕುಂದಾಪುರದ ಕೋರ್ಟಿಗೊಂದು ಪ್ರತಿ,
ಅಪ್ಪಯ್ಯನಿಗೆ ಫೋನಿನಲ್ಲಿ ಓದಿ ಹೇಳ್ಲಿಕ್ಕೆ ಒಂದು."

ಮದುವೆ ಮುರಿದದ್ದನ್ನು ಬರೆಯುವುದು ಸುಲಭ. ಶಬ್ದಗಳುಂಟು:
ವಿಚ್ಛೇದನ, ತಲಾಕು, ಹಿಂದಿನವರ ಸೋಡಚೀಟಿ.
ಅವರ ವೀಸಾ ಗಂಡನ ಹೆಸರಿಗೆ ಕಟ್ಟಿದ ಬಾಲ;
ಹೆಸರು ಕಳಚಿದ ಮೇಲೆ ಬಾಲಕ್ಕೆ ಎಷ್ಟು ದಿನದ ಗಡುವು,
ಅದನ್ನೂ ಟೈಪಿಸಿದೆ. ಬೆರಳು ತಡೆಯಲಿಲ್ಲ.

ಮೂರನೇ ಪುಟದಲ್ಲಿ ನಿಂತೆ. ಹದಾನ.
ನಿಘಂಟು ಹೇಳುತ್ತದೆ: ಸುಪರ್ದಿ.
ಸುಪರ್ದಿಯೆಂದರೆ ಜಪ್ತಿಯಾದ ಮರಳಿನ ಲಾರಿ,
ಠಾಣೆಯ ಹಿತ್ತಲಲ್ಲಿ ತುಕ್ಕು ಹಿಡಿಯುವಂಥದ್ದು.
ವಶ ಎಂದರೆ ಕಳ್ಳ.
ಪಾಲನೆ ಎನ್ನೋಣವೆಂದರೆ
ಅದರೊಳಗೇ ಕಾಲು ಚಾಚಿ ಕೂತಿದೆ ಪಾಲು.

ಕೆಳಗಿನ ಸಾಲಿನಲ್ಲಿ ವಿಲಾಯ. ಅದು ತಂದೆಯದು.
ಪಾಸ್‌ಪೋರ್ಟು, ಶಾಲೆ, ಆಪರೇಷನ್ನಿಗೊಂದು ಸಹಿ,
ವಿಮಾನ ಹತ್ತಿಸಲು ಒಪ್ಪಿಗೆ.
ಉಣ್ಣಿಸುವ ಕೈ ಒಂದು ಮನೆಯಲ್ಲಿ,
ಸಹಿ ಹಾಕುವ ಕೈ ಇನ್ನೊಂದರಲ್ಲಿ.
"ಹಾಂಗಾರೆ ಜ್ವರ ಬಂದ್ರೆ ಯಾರದ್ದು?" ಅವರು ಕೇಳಿದರು.
ಮೂರೂ ಪುಟ ಹುಡುಕಿದೆ. ಜ್ವರ ಇರಲಿಲ್ಲ.

"ನಮ್ಮ ಊರಿನ ಕಾನೂನೇ ಬೇಕಂದ್ರೆ?"
ಕೇಳಬಹುದು ಎನ್ನುತ್ತಾರೆ. ಅದನ್ನು ಮೊದಲು ಅರಬಿಗೆ ತರಬೇಕು,
ಪುಟಕ್ಕೆ ಮೂವತ್ತು. ಆಮೇಲೆ ಮೊಹರು, ಮೊಹರಿನ ಮೇಲೆ ಮೊಹರು.
ಅಷ್ಟರಲ್ಲಿ ಹುಡುಗನ ಹಾಲುಹಲ್ಲು ಬಿದ್ದು
ಹೊಸದು ಬಂದಿರುತ್ತದೆ.

ರಾತ್ರಿ, ಮೇಲಿನ ಮಂಚದವನ ಗೊರಕೆಯ ಅಡಿಯಲ್ಲಿ ಮಲಗಿ
ಆ ಶಬ್ದದ ಬೇರು ಕೆದಕಿದೆ. ಉಸ್ತಾದರು ಹೇಳಿಕೊಟ್ಟದ್ದೇ: ಹಿದ್ನ್.
ಕಂಕುಳಿನಿಂದ ಸೊಂಟದ ತನಕದ ಬದಿ.
ಅಲ್ಲಿ ಕೂಸನ್ನು ಕೂರಿಸಿಕೊಂಡು
ಇನ್ನೊಂದು ಕೈಯಲ್ಲಿ ಒಲೆಯ ಮೇಲಿನ ಗಂಜಿ ಕಲಕುತ್ತಾರಲ್ಲ, ಆ ಬದಿ.
ಕಂಕುಳಲ್ಲೇ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ.
ನನ್ನ ಮಗಳು ಅಲ್ಲಿ ಕೂತದ್ದು, ನನ್ನ ಪಾಲಿಗೆ,
ಲೆಕ್ಕ ಹಾಕಿದರೆ ಎರಡು ರಜೆ.
ಮೂರನೇ ರಜೆಗೆ ಹೋದಾಗ
ಎತ್ತಿಕೊಳ್ಳುವ ವಯಸ್ಸು ದಾಟಿ ಬಾಗಿಲ ಹಿಂದೆ ನಿಂತಿದ್ದಳು.

ಬೆಳಿಗ್ಗೆ ಟೈಪಿಸಿದೆ: ಮಡಿಲ ಹಕ್ಕು. ಅಳಿಸಿದೆ.
ಕೋರ್ಟಿಗೆ ಹೋಗುವ ಕಾಗದ. ಸುಪರ್ದಿ ಎಂದೇ ಹಾಕಿ
ಅಪ್ಪಯ್ಯನ ಪ್ರತಿಯಲ್ಲಿ ಮಾತ್ರ
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: ಕಂಕುಳು.

ಸುಗಂಧಿ ದುಡ್ಡು ಎಣಿಸುವಾಗ ಹುಡುಗ ಮೇಜಿನ ಮೊಹರೆತ್ತಿ
ತನ್ನ ಮೊಣಕೈ ಕೆಳಗೆ ಒತ್ತಿಕೊಂಡ.
ನೀಲಿ ಶಾಯಿ. ನನ್ನ ಅಂಗಡಿಯ ಹೆಸರು,
ಸುತ್ತ "ಮೂಲದಂತೆ ಇದೆ".
ತಾಯಿ ಉಗುಳು ಹಚ್ಚಿ ತಿಕ್ಕಿದರು. ಹೋಗಲಿಲ್ಲ.

ಶನಿವಾರ ಒಬ್ಬರು ಬಂದರು. ಬಂದರಿನಲ್ಲಿ ಕ್ರೇನು ನಡೆಸುವವರು,
ಹೆಸರು ಸುಧೀಂದ್ರ. ಕೈಯಲ್ಲಿ ಅದೇ ಅರಬಿ ಕಾಗದ.
"ನಿನ್ನೆ ನಾಲ್ಕರಿಂದ ಎಂಟು ಮಗ ನನ್ನ ಹತ್ರ ಇದ್ದ.
ಕೈ ಮೇಲೆ ನಿಮ್ಮ ಅಂಗಡಿ ಹೆಸರಿತ್ತು."
ಕುರ್ಚಿ ತೋರಿಸಿದೆ. ಕೂರಲಿಲ್ಲ.
"ವಿಲಾಯ ನಂದಂತೆ. ಅಂದ್ರೆ ನಾನು ಗೆದ್ದದ್ದಾ?"
ಪುಟಕ್ಕೆ ಮೂವತ್ತು, ಎಂದೆ.
ಪರ್ಸು ತೆಗೆದರು, ಹಾಗೇ ಹಿಡಿದುಕೊಂಡರು.
"ಚಪ್ಪಲಿ ಬಾರು ಕಿತ್ತಿತ್ತು. ಹೊಲಿಸಿ ಕಳಿಸಿದೆ.
ಅದು ಯಾವುದರಲ್ಲಿ ಬರ್ತದೆ ಭಾಯಿ,
ಅವಳದ್ದರಲ್ಲಾ, ನನ್ನದ್ದರಲ್ಲಾ?"