ಏಳು ನಿಮಿಷ

ಹೆಲ್ಟರ್ಮಾ ಬಂದರಿನಲ್ಲಿ ರಾತ್ರಿ ಎರಡೂಕಾಲು.
ಹಾಗಂತ ಗೋಡೆಯ ಗಡಿಯಾರ.
ಯಂತ್ರದೊಳಗೆ ಆಗಲೇ ಎರಡು ಇಪ್ಪತ್ತೆರಡು.
ಅದರ ನಿಮಿಷ ನಮ್ಮದಕ್ಕಿಂತ ಗಿಡ್ಡ.

ಹೆಪ್ಪುಗಟ್ಟಿದ ಕಡಲ ಮೇಲೆ ಕಾರು ಬಿಡುವವನು ನಾನು.
ಒಂದು ಹೋದರೆ ಮೂರು ನಿಮಿಷ ಬಿಟ್ಟೇ ಇನ್ನೊಂದು,
ಆ ಮೂರನ್ನು ಎಣಿಸಿ ಹಸಿರು ದೀಪ ಹಚ್ಚುವುದು ಯಂತ್ರ.
ಗಿಡ್ಡ ನಿಮಿಷಗಳನ್ನು
ಹಿಮ ಒಪ್ಪುವುದಿಲ್ಲ.

ಹೆಲ್ವಿ ಬಂದಳು, ಕೋಟು ಬಿಚ್ಚಲಿಲ್ಲ.
ಇಡೀ ವ್ಯವಸ್ಥೆಯ ಮೂಲ ಇಲ್ಲೇ ಇದೆ, ಮರ ಅನ್ನುತ್ತೇವೆ, ಅಂದಳು.
ಇಣುಕಿದೆ. ಬೇರು ಮೇಲೆ, ಕೊಂಬೆ ಕೆಳಗೆ,
ಎಲೆಗಳ ಜಾಗದಲ್ಲಿ ಹೆಸರುಗಳು.

ಪೂರಾ ಕಟ್ಟಬೇಕೇನು?
'ನಿನ್ನ ಮುದುಕ ಯಂತ್ರಕ್ಕೆ ನಾಲ್ಕು ದಿನ ಬೇಕು, ಯೂಲೊ.
ಬೆಟ್ಟ ಅಗೆದು ಇಲಿ ಹಿಡಿಯಲು ಪುರುಸೊತ್ತಿಲ್ಲ.'
ಒಂದೇ ಕೊಂಬೆಗೆ ಇಳಿದಳು,
ಗಡಿಯಾರ ಕಾಯುವವನ ಕೋಣೆಗೆ.
ಹನ್ನೊಂದು ಕಡತ.

ಅಲ್ಲಿ ಯಾರೋ ಇಪ್ಪತ್ತು ವರ್ಷದ ಹಿಂದೆ ಬರೆದಿಟ್ಟ ಸಾಲು:
ಇಲ್ಲಿ ಎರಡರಿಂದ ಯಾಕೆ ಭಾಗಿಸಿದೆನೋ ಮರೆತೆ,
ತೆಗೆದರೆ ಕೆಡುತ್ತದೆ.
ಹೆಲ್ವಿ ನಕ್ಕಳು. ಅದನ್ನು ಮುಟ್ಟಲಿಲ್ಲ.
ಎರಡು ಸಾಲು ಕೆಳಗೆ
ಕೂಡುವ ಚಿಹ್ನೆಯೊಂದನ್ನು ಕಳೆಯುವುದಾಗಿಸಿದಳು.

ಮೊದಲ ಸಲ ಕೆಂಪು ಅಕ್ಷರ:
ನನಗೂ ಮುಂಚೆ ಕಟ್ಟಬೇಕಾದವರು ಇನ್ನೊಬ್ಬರಿದ್ದಾರೆ.
ಬೈದುಕೊಂಡು ಎರಡು ಕೊಂಬೆ ಹತ್ತಿ
ಆ ಇನ್ನೊಬ್ಬರನ್ನು ಕಟ್ಟಿ ಮತ್ತೆ ಇಳಿದಳು.
ನಾನು ಕಾಫಿ ಬಿಸಿ ಮಾಡಿದೆ, ಸಕ್ಕರೆ ಮುಗಿದಿತ್ತು.

ಎರಡನೆಯ ಸಲ ಒಂಬತ್ತು ಸಾಲು ಸರಸರ ಓಡಿ
ಸುಮ್ಮನಾಯಿತು.
ಆಯಿತೇ?
'ಏನೂ ಹೇಳದಿದ್ದರೆ ಆಯಿತು ಅಂತ.'
ನಮ್ಮಪ್ಪನೂ ಹಾಗೇ. ದೋಣಿಗೆ ಡಾಂಬರು ಬಳಿದು ತೋರಿಸಿದರೆ
ನೋಡಿ, ತುಟಿ ಬಿಚ್ಚದೆ, ಬಲೆ ಹೆಣೆಯಲು ಕೂರುತ್ತಿದ್ದ.

ಹಳೆಯ ಕಾವಲುಗಾರನನ್ನು ಬೇರೆ ಹೆಸರಲ್ಲಿ ಎತ್ತಿಟ್ಟಳು,
ಬೇಕಾದೀತು ಅಂತ.
ಹೊಸಬನನ್ನು ಎಬ್ಬಿಸಿದಳು.
ಗಡಿಯಾರ ಹಿಂದೆ ಹಾರಲಿಲ್ಲ, ಅಲ್ಲೇ ಇತ್ತು, ಏಳು ನಿಮಿಷ ಮುಂದೆ.
ನಾನು ಗೊಣಗಿದೆ.
'ಒಮ್ಮೆಗೇ ಕಿತ್ತರೆ ದಾಖಲೆಯೆಲ್ಲ ತಲೆಕೆಳಗಾಗುತ್ತದೆ.
ಕೂದಲೆಳೆಯಷ್ಟು ಕೂದಲೆಳೆಯಷ್ಟು ನಿಧಾನವಾಗುತ್ತಾ
ಹತ್ತು ದಿನಕ್ಕೆ ನಿನ್ನ ಗೋಡೆಯನ್ನು ಸೇರುತ್ತದೆ.
ನಿನಗೆ ಬೇಕಾದ ಮೂರು ನಿಮಿಷ ಮಾತ್ರ
ಈಗಿಂದಲೇ ಮೂರು ನಿಮಿಷ.'

ಹತ್ತು ದಿನ ಹಿಮ ನಿಲ್ಲುತ್ತದೋ ಇಲ್ಲವೋ.
ಹೊರಗೆ ಹೋಗಿ ಬೈರಿಗೆ ಇಟ್ಟು ಒಂದು ತೂತು ಕೊರೆದೆ.
ಇಪ್ಪತ್ತಾರು ಸೆಂಟಿಮೀಟರು.
ಕಪ್ಪು ನೀರು ಉಕ್ಕಿ ಬಂದು ಬೂಟು ನೋಡಿ ಹೋಯಿತು.

ಅವಳ ಕಾರಿನ ಕಿಟಕಿ ತಟ್ಟಿದೆ: ಬೆಲ್ಟು ಬಿಚ್ಚು.
ಗೊತ್ತು, ಅಂದಳು.
ಹಿಂದಿನ ದೀಪಗಳು ಕಡಲಿನ ಮೇಲೆ ಸಣ್ಣಗಾದವು.
ಸಾಲಿನಲ್ಲಿ ಇನ್ನೊಬ್ಬರಿರಲಿಲ್ಲ.
ಆದರೂ ಮಣಿಕಟ್ಟಿನ ಗಡಿಯಾರ ಹಿಡಿದು ನಿಂತೆ,
ಹಸಿರು ಹತ್ತುವವರೆಗೆ.