ಯಲಿಯೂರು ಗೇಟು

ಎರಡೂ ಗೇಟು ಬಿದ್ದಮೇಲೆ
ನಡುವೆ ಸಿಕ್ಕೊಂಡೋರಿಗೆ ವಯಸ್ಸಾಗಲ್ಲ.
ಮಂಡ್ಯದ ಕಡೆ ಬೆಳಗಾಗಿರ್ತದೆ,
ಮೈಸೂರಿನ ಕಡೆ ಇನ್ನೂ ನಿನ್ನೆ ರಾತ್ರಿ;
ಹಳಿ ಯಾವ ದಿನಕ್ಕೂ ಸೇರಿದ್ದಲ್ಲ.

ದ್ಯಾವೀರಮ್ಮ ಮೊಸರಿನ ಗಡಿಗೆ ಹೊತ್ತು ನಿಂತು
ಹನ್ನೊಂದು ವರ್ಷ.
ಮೊಸರು ಹುಳಿಯಾಗಿಲ್ಲ.
ಕಬ್ಬಿನ ಗಾಡಿಯ ಎಡಗಡೆ ಎತ್ತು
ಅದೇ ಒಂದು ಸೋಗೆ ಅಗೀತಾ ಐತೆ.

ಕಾಲ ಎಲ್ಲಾದ್ರೂ ಬೀಳ್ಲೇಬೇಕಲ್ಲ,
ಗೇಟು ಕಾಯೋನ ಮೇಲೆ ಬೀಳ್ತದೆ.
ಡ್ಯೂಟಿಗೆ ಬಂದಾಗ ನಂಗಿನ್ನೂ ಮೀಸೆ ಚಿಗುರ್ತಿತ್ತು.
ರೈಲಿನ ಸದ್ದು ಒಂದೊಂದ್ ಸಲ ಕೇಳ್ತದೆ,
ಪಾಂಡವಪುರ ಬಿಟ್ಟ ಹಂಗೆ,
ಬಿಡದೇ ಇದ್ದ ಹಂಗೆ.

"ತಲೆ ಯಾಕ್ಲಾ ಹಿಂಗೆ ಬೆಳ್ಳಗಾಯ್ತು, ಮಗಾ?"
ಅಂದ್ಲು ಇವತ್ತು.
"ನಿನ್ನ ಮೊಸರೇ ಚೆಲ್ತು ಕಣವ್ವ," ಅಂದೆ.
ಗಾಬರಿಯಾಗಿ ಗಡಿಗೆ ಇಳಿಸಿ ನೋಡ್ಕೊಂಡ್ಲು.
ತುಂಬಿತ್ತು.